ಹ್ಯಾಮ್ ರೇಡಿಯೋ ಎಂಎಚ್370 ವಿಮಾನವನ್ನು ಪತ್ತೆ ಮಾಡಿದೆಯಾ? ವಿಸ್ಪರ್ ಸಿಗ್ನಲ್‌ಗಳ ಲೆಕ್ಕ ಬಿಡಿಸಿ ನೋಡೋಣ

2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನದ ಹುಡುಕಾಟ 2025ರ ಡಿಸೆಂಬರ್ 30ರಿಂದ ಮತ್ತೆ ಶುರು ಎಂದು ಮಲೇಷ್ಯಾ ಸರ್ಕಾರ ಪ್ರಕಟಿಸಿತು. ಈ ವಿಮಾನದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಹ್ಯಾಮ್ ರೇಡಿಯೋ ಅಂದರೆ ಲೈಸೆನ್ಸ್ ಪಡೆದು ಖುಷಿಗಾಗಿ ರೇಡಿಯೋ ಸಂಪರ್ಕ ನಡೆಸುವ ಹವ್ಯಾಸ. ಆ ಹವ್ಯಾಸಿಗಳ ವಿಸ್ಪರ್ (WSPR) ಎಂಬ ಸಾಫ್ಟ್‌ವೇರ್ ವಿಮಾನ ಬಿದ್ದ ಜಾಗವನ್ನು ಯಾವತ್ತೋ ತೋರಿಸಿಕೊಟ್ಟಿದೆ, ದೊಡ್ಡವರು ಕಿವಿಗೆ ಹಾಕಿಕೊಳ್ಳುತ್ತಿಲ್ಲ ಅನ್ನುವ ಮಾತು.

ಕೇಳಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಒಂದು ಕಡೆ ಕೋಟಿಗಟ್ಟಲೆ ಖರ್ಚು ಮಾಡಿ, ಸಮುದ್ರದ ತಳಕ್ಕೆ ರೋಬೋಟ್ ಇಳಿಸಿ ಹುಡುಕಿದರೂ ಸಿಗದ ವಿಮಾನ. ಇನ್ನೊಂದು ಕಡೆ ಮನೆಯ ಬಾಲ್ಕನಿಗೆ ತಂತಿ ಕಟ್ಟಿಕೊಂಡು ಕೂತವರ ಹಳೆಯ ದಾಖಲೆ. ಎರಡನೆಯದು ಗೆದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುವುದು ಸಹಜ. ಆ ವಿಮಾನದಲ್ಲಿದ್ದ 239 ಜನರಲ್ಲಿ ಐವರು ಭಾರತೀಯರು, ಅವರಲ್ಲಿ ಮಹಾರಾಷ್ಟ್ರದವರೂ ಇದ್ದರು. ಹಾಗಾಗಿ ಮುಂಬೈ, ಪುಣೆಯಲ್ಲಿರುವ ನಮಗೆ ಇದು ತೀರಾ ದೂರದ ಸುದ್ದಿ ಏನಲ್ಲ.

ಈ ವಾದ ನಿಲ್ಲುತ್ತದೋ ಬೀಳುತ್ತದೋ ನೋಡಬೇಕಾದರೆ ಆ ಸಾಫ್ಟ್‌ವೇರ್ ಒಳಗೆ ಏನು ನಡೆಯುತ್ತದೆ ಅಂತ ಮೊದಲು ತಿಳಿಯಬೇಕು. ಸ್ವಲ್ಪ ಗಣಿತ ಬರುತ್ತದೆ. ಕೂಡುವುದು, ಗುಣಿಸುವುದು ಬಂದರೆ ಸಾಕು.

ವಿಸ್ಪರ್ ಹುಟ್ಟಿದ್ದು ಯಾಕೆ

ಜೋ ಟೇಲರ್ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ. ರಸೆಲ್ ಹಲ್ಸ್ ಜೊತೆ ಸೇರಿ 1974ರಲ್ಲಿ ಜೋಡಿ ಪಲ್ಸಾರ್ ಒಂದನ್ನು ಕಂಡುಹಿಡಿದರು. ಅದಕ್ಕೆ 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪಲ್ಸಾರ್ ಅಂದರೆ ಗಿರಗಿರ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ಸತ್ತ ನಕ್ಷತ್ರ. ಆ ಮಿಡಿತ ಎಷ್ಟು ಕ್ಷೀಣ ಅಂದರೆ ಒಂದೊಂದಾಗಿ ನೋಡಿದರೆ ಹೆಚ್ಚಿನವು ಗದ್ದಲದಲ್ಲಿ ಕಾಣುವುದೇ ಇಲ್ಲ. ಇಂಥ ಸಿಗ್ನಲ್ ಜೊತೆ ಜೀವನ ಕಳೆದ ಈ ಮನುಷ್ಯ ಚಿಕ್ಕಂದಿನಿಂದ ಹ್ಯಾಮ್ ಕೂಡ ಹೌದು. ಪಲ್ಸಾರ್ ಹಿಡಿಯುವ ಜಾಣತನವನ್ನು ಹವ್ಯಾಸಕ್ಕೂ ತಂದರು. 2001ರಿಂದ ಒಂದರ ಹಿಂದೊಂದು ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟರು.

ಅವುಗಳಲ್ಲಿ ಒಂದು 2008ರಲ್ಲಿ ಬಂದ ವಿಸ್ಪರ್. ಇದರಲ್ಲಿ ಹರಟೆ ಇಲ್ಲ. ಪ್ರತಿ ಸ್ಟೇಷನ್ ಕಳಿಸುವುದು ಮೂರೇ ಸಂಗತಿ: ತನ್ನ ಕರೆಹೆಸರು (ಕಾಲ್ ಸೈನ್), ಭೂಪಟದಲ್ಲಿ ತಾನಿರುವ ಚೌಕದ ಗುರುತು, ತನ್ನ ಪವರ್ ಎಷ್ಟು ಅನ್ನೋದು. ಪವರ್ ಅಂದರೂ ಬಹಳಷ್ಟು ಸಲ ಅರ್ಧ ವ್ಯಾಟ್, ಐದು ವ್ಯಾಟ್. ನಮ್ಮ ಮನೆಯ ಎಲ್‌ಇಡಿ ಬಲ್ಬಿಗಿಂತ ಕಡಿಮೆ. ಅದನ್ನು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಯಾರದೋ ಕಂಪ್ಯೂಟರ್ ಹಿಡಿದು, ‘ಇಷ್ಟು ಹೊತ್ತಿಗೆ ಇಂಥವರ ಸಿಗ್ನಲ್ ಇಷ್ಟು ಗಟ್ಟಿಯಾಗಿ ಬಂತು’ ಎಂದು ಇಂಟರ್‌ನೆಟ್‌ನ ದೊಡ್ಡ ಖಾತೆಗೆ ತಾನೇ ಬರೆದುಹಾಕುತ್ತದೆ. ಈ ಹೊತ್ತಿನಲ್ಲಿ ಭಾರತದಿಂದ ಯುರೋಪಿಗೆ ದಾರಿ ತೆರೆದಿದೆಯಾ, ಮುಚ್ಚಿದೆಯಾ ಅಂತ ನೋಡಿಕೊಳ್ಳುವುದಕ್ಕೆ ಇದು ಭಾರೀ ಉಪಯೋಗಿ.

ಇದೇ ಮನೆತನದ ಇನ್ನೊಂದು ಕೂಸು ಎಫ್‌ಟಿ8. ಟೇಲರ್ ಮತ್ತು ಸ್ಟೀವ್ ಫ್ರಾಂಕ್ 2017ರಲ್ಲಿ ತಂದದ್ದು. ಇದರಲ್ಲಿ ಪರಸ್ಪರ ಸಂಪರ್ಕವೂ ಮಾಡಬಹುದು. ಇವತ್ತು ಹ್ಯಾಮ್ ಬ್ಯಾಂಡುಗಳಲ್ಲಿ ಜಾಸ್ತಿ ಕೇಳಿಬರುವುದು ಇದರ ಕುಂಯ್‌ಗುಟ್ಟುವಿಕೆಯೇ. ‘ಕಂಪ್ಯೂಟರಿಗೆ ಕಂಪ್ಯೂಟರ್ ಮಾತಾಡಿದರೆ ಮನುಷ್ಯನಿಗೆ ಏನು ಕೆಲಸ’ ಅಂತ ಹಳಬರು ಗೊಣಗುತ್ತಾರೆ, ಅದು ಬೇರೆ ಜಗಳ. ಆದರೆ ಮುಂಬೈಯಂಥ ಊರಲ್ಲಿ ಇದು ಬೇಕೇ ಬೇಕು ಅನ್ನುವುದಕ್ಕೆ ಕಾರಣ ಇದೆ. ಠಾಣೆಯ, ಡೊಂಬಿವಲಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಶಾರ್ಟ್‌ವೇವ್ ರೇಡಿಯೋ ಹಾಕಿದರೆ ಕೇಳುವುದು ಚಾರ್ಜರ್, ಇನ್ವರ್ಟರ್, ಲಿಫ್ಟ್, ಎಲ್‌ಇಡಿ ದೀಪಗಳ ಗೊರಗೊರ ಸದ್ದು. ತಾರಸಿ ಮೇಲೆ ದೊಡ್ಡ ಆಂಟೆನಾ ನಿಲ್ಲಿಸೋಣ ಅಂದರೆ ಸೊಸೈಟಿಯವರು ಬಿಡಬೇಕಲ್ಲ. ಉಳಿಯುವುದು ಬಾಲ್ಕನಿಯ ತಂತಿ ಮತ್ತು ಗದ್ದಲ. ಈ ಎರಡನ್ನೂ ಇಟ್ಟುಕೊಂಡು, ಲೈಸೆನ್ಸ್ ಇರುವ ಒಬ್ಬ ಹ್ಯಾಮ್ ಕೆಲವೇ ವ್ಯಾಟ್‌ಗಳಲ್ಲಿ ಯುರೋಪ್ ಮುಟ್ಟಬಹುದು ಅಂದರೆ ಅದು ಈ ಸಾಫ್ಟ್‌ವೇರ್‌ಗಳ ಪುಣ್ಯ.

ಗದ್ದಲದೊಳಗಿಂದ ಎತ್ತುವುದು ಹೇಗೆ

ದಾದರ್ ಸ್ಟೇಷನ್‌ನಲ್ಲಿ ಸಂಜೆ ಏಳರ ನೂಕುನುಗ್ಗಲಿನಲ್ಲಿ ನಿಂತಿದ್ದೀರಿ. ಘೋಷಣೆ, ರೈಲಿನ ಸದ್ದು, ಮರಾಠಿ, ಹಿಂದಿ, ಗುಜರಾತಿ. ಅಷ್ಟರಲ್ಲಿ ಎಲ್ಲೋ ದೂರದಿಂದ ಯಾರೋ ನಿಮ್ಮ ಹೆಸರು ಹಿಡಿದು ಕನ್ನಡದಲ್ಲಿ ಕರೆದರೆ ತಟ್ಟನೆ ಕಿವಿಗೆ ಬೀಳುತ್ತದೆ. ಅದೇ ದನಿ, ಅಷ್ಟೇ ಮೆಲ್ಲಗೆ, ಗೊತ್ತಿಲ್ಲದ ಭಾಷೆಯಲ್ಲಿ ಬೇರೆ ಏನೋ ಹೇಳಿದ್ದರೆ ಕೇಳುತ್ತಲೇ ಇರಲಿಲ್ಲ. ಕಿವಿ ಚುರುಕಾಗಿದ್ದಕ್ಕಲ್ಲ, ಏನು ಕೇಳಬೇಕು ಅಂತ ಕಿವಿಗೆ ಮೊದಲೇ ಗೊತ್ತಿದ್ದದ್ದಕ್ಕೆ.

ವಿಸ್ಪರ್ ಮಾಡುವುದೂ ಇಷ್ಟೇ. ಇದು ಈ ಇಡೀ ಲೇಖನದ ಕೀಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಒಂದು ವಿಸ್ಪರ್ ಸಂದೇಶದಲ್ಲಿ ಇರುವುದು ಒಟ್ಟು 50 ಬಿಟ್, ಅಂದರೆ ಐವತ್ತು ಸೊನ್ನೆ-ಒಂದುಗಳಷ್ಟು ಮಾಹಿತಿ. ಕರೆಹೆಸರಿಗೆ 28, ಜಾಗಕ್ಕೆ 15, ಪವರ್‌ಗೆ 7. ಇಷ್ಟು ಚಿಕ್ಕ ಸಂದೇಶವನ್ನು ಕಳಿಸಲು ತೆಗೆದುಕೊಳ್ಳುವ ಸಮಯ 110.6 ಸೆಕೆಂಡ್, ಹೆಚ್ಚುಕಡಿಮೆ ಎರಡು ನಿಮಿಷ. ಅಂದರೆ ಒಂದು ಸೆಕೆಂಡಿಗೆ ಅರ್ಧ ಬಿಟ್ ಕೂಡ ಇಲ್ಲ. ಆ 50 ಬಿಟ್‌ಗಳನ್ನು ಸುಮ್ನೆ ಹಾಗೇ ಕಳಿಸುವುದಿಲ್ಲ. ತಪ್ಪು ತಿದ್ದುವ ಕೋಡ್ ಹಾಕಿ 162 ಸ್ವರಗಳಾಗಿ ಹಿಗ್ಗಿಸುತ್ತಾರೆ. ದಾರಿಯಲ್ಲಿ ಒಂದಷ್ಟು ಕೆಟ್ಟುಹೋದರೂ ಉಳಿದದ್ದರಿಂದ ಪೂರ್ತಿ ಸಂದೇಶ ಕಟ್ಟಬಹುದು. ಇನ್ನೂ ಸ್ವಾರಸ್ಯ ಏನೆಂದರೆ, ಆ ಪ್ರತಿ ಸ್ವರದೊಳಗೆ ಎರಡು ಬಿಟ್ ಇರುತ್ತವೆ, ಒಂದು ಸಂದೇಶದ್ದು, ಇನ್ನೊಂದು ಎಲ್ಲರಿಗೂ ಮೊದಲೇ ಗೊತ್ತಿರುವ ಕ್ರಮದ್ದು. ಯಾರು ಕಳಿಸಿದರೂ ಆ ಕ್ರಮ ಬದಲಾಗುವುದಿಲ್ಲ. ಹಾಗಾಗಿ ಗಾಳಿಯಲ್ಲಿ ಬರುವುದರಲ್ಲಿ ಅರ್ಧ ಭಾಗ ಕೇಳುವ ಕಂಪ್ಯೂಟರಿಗೆ ಮುಂಚೆಯೇ ಬಾಯಿಪಾಠ. ಅದು ಆ ಕ್ರಮವನ್ನು ಗದ್ದಲದ ಮೇಲೆ ಇಟ್ಟು, ಆಚೆ ಈಚೆ ಸರಿಸಿ, ಎಲ್ಲಿ ಹೊಂದುತ್ತದೆ ಅಂತ ನೋಡುತ್ತದೆ.

ಸಮಯವೂ ಗೊತ್ತು. ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಗಡಿಯಾರದ ಪ್ರತಿ ಸಮ ಸಂಖ್ಯೆಯ ನಿಮಿಷ ಶುರುವಾದ ಕೂಡಲೇ ಕಳಿಸುವುದು ಶುರು. ಎಫ್‌ಟಿ8ಗೆ 15 ಸೆಕೆಂಡ್‌ನ ಅವಧಿ, ಅದರಲ್ಲಿ 12.64 ಸೆಕೆಂಡ್ ಸಿಗ್ನಲ್. ಕಂಪ್ಯೂಟರ್‌ನ ಗಡಿಯಾರ ಎರಡು ಮೂರು ಸೆಕೆಂಡ್ ತಪ್ಪಿದರೆ ಪಕ್ಕದ ಕಟ್ಟಡದ ಸಿಗ್ನಲ್ ಕೂಡ ಬಿಡಿಸಲಾಗುವುದಿಲ್ಲ. ಎಷ್ಟು ಗಟ್ಟಿಯಾಗಿ ಕೇಳಿಸುತ್ತಿದ್ದರೂ ಅಷ್ಟೆ!

ಕೊನೆಗೆ ಸಂದೇಶ ಸರಿಯಾಗಿ ಬಂತೇ ಅಂತ ತಾಳೆ ನೋಡುವ ವ್ಯವಸ್ಥೆ. ಎಫ್‌ಟಿ8ರಲ್ಲಿ 77 ಬಿಟ್ ಸಂದೇಶಕ್ಕೆ 14 ಬಿಟ್‌ನ ಪರೀಕ್ಷೆ ಅಂಟಿರುತ್ತದೆ. ಗದ್ದಲವೇ ಅಕಸ್ಮಾತ್ ಸಂದೇಶದ ವೇಷ ಹಾಕಿ ಬಂದರೆ, ಈ ಪರೀಕ್ಷೆ ದಾಟುವ ಸಂಭವ ಸುಮಾರು 16,000ದಲ್ಲಿ ಒಂದು. ಇನ್ನೂ ಕ್ಷೀಣವಾದದ್ದನ್ನು ಹಿಡಿಯಲು ಸಾಫ್ಟ್‌ವೇರ್ ಒಂದು ಊಹೆಯನ್ನೂ ಮಾಡುತ್ತದೆ. ನೀವು ಯಾರಿಗೋ ಉತ್ತರಿಸಿ ಕಾಯುತ್ತಿದ್ದರೆ, ಬರುವ ಸಂದೇಶದಲ್ಲಿ ನಿಮ್ಮ ಕರೆಹೆಸರು ಇರುತ್ತದೆ ಅಂತ ಅಂದುಕೊಂಡು ಪ್ರಯತ್ನಿಸುತ್ತದೆ. ಆದರೆ ಊಹೆಯಿಂದ ಬಿಡಿಸಿದ್ದಾದರೆ ಸಾಲಿನ ಕೊನೆಗೆ ಗುರುತು ಹಾಕುತ್ತದೆ, ಭರವಸೆ ಕಡಿಮೆ ಇದ್ದರೆ ಪ್ರಶ್ನೆ ಚಿಹ್ನೆಯನ್ನೂ ಇಡುತ್ತದೆ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಮೈನಸ್ 28 ಅಂದರೆ ನಿಜಕ್ಕೂ ಎಷ್ಟು

‘ಗದ್ದಲಕ್ಕಿಂತ 28 ಡೆಸಿಬಲ್ ಕೆಳಗಿನ ಸಿಗ್ನಲ್ ಹಿಡಿಯುತ್ತದೆ’ ಅಂತ ವಿಸ್ಪರ್ ಬಗ್ಗೆ ಹೇಳುತ್ತಾರೆ. ಡೆಸಿಬಲ್ ಲೆಕ್ಕದಲ್ಲಿ ಪ್ರತಿ 10ಕ್ಕೆ ಹತ್ತು ಪಟ್ಟು ವ್ಯತ್ಯಾಸ, ಹಾಗಾಗಿ 28 ಡೆಸಿಬಲ್ ಅಂದರೆ ಗದ್ದಲ ಸಿಗ್ನಲ್‌ಗಿಂತ ಸುಮಾರು 630 ಪಟ್ಟು ದೊಡ್ಡದು. ಇದನ್ನು ಓದಿದವರಿಗೆ, ಈ ಸಾಫ್ಟ್‌ವೇರ್ ಏನನ್ನು ಬೇಕಾದರೂ ಎಳೆದು ತೆಗೆಯಬಲ್ಲದು ಅನ್ನಿಸಿಬಿಡುತ್ತದೆ. ಗೊಂದಲದ ಬೇರು ಇಲ್ಲೇ ಇರುವುದು.

ಆ ಮೈನಸ್ 28 ಒಂದು ರೂಢಿಯ ಲೆಕ್ಕ. ಮಾಮೂಲಿ ವಾಯ್ಸ್ ರೇಡಿಯೋದ 2,500 ಹರ್ಟ್ಸ್ ಅಗಲದಲ್ಲಿ ಇರುವ ಅಷ್ಟೂ ಗದ್ದಲವನ್ನು ಸಿಗ್ನಲ್ ಜೊತೆ ತೂಗಿ ನೋಡುತ್ತಾರೆ. ಆದರೆ ವಿಸ್ಪರ್ ಸಿಗ್ನಲ್‌ಗೆ ಅಷ್ಟು ಜಾಗ ಬೇಡ. ಇಡೀ ಸಿಗ್ನಲ್ ಕೂರುವುದು 6 ಹರ್ಟ್ಸ್‌ನಲ್ಲಿ, ಒಂದೊಂದು ಸ್ವರಕ್ಕೆ ಬೇಕಾದದ್ದು 1.46 ಹರ್ಟ್ಸ್ ಅಷ್ಟೇ. 2,500 ಹರ್ಟ್ಸ್‌ನ ಗದ್ದಲದಲ್ಲಿ ಆ ಕಿರಿದಾದ ಸೀಳಿಗೆ ಬರುವುದು ಸುಮಾರು 1,700ರಲ್ಲಿ ಒಂದು ಪಾಲು, ಅಂದರೆ 32 ಡೆಸಿಬಲ್ ಕಡಿಮೆ. ಈಗ ಕೂಡಿಸಿ: ಮೈನಸ್ 28ಕ್ಕೆ 32 ಸೇರಿಸಿದರೆ ಪ್ಲಸ್ 4.

ಅಂದರೆ ತನ್ನ ಪುಟ್ಟ ಸೀಳಿನೊಳಗೆ ಆ ಸಿಗ್ನಲ್ ಗದ್ದಲಕ್ಕಿಂತ ಮೇಲೇ ಇದೆ! ಎಫ್‌ಟಿ8 ಹಿಡಿಯುವ ಗಡಿಯಾದ ಸುಮಾರು ಮೈನಸ್ 20ಕ್ಕೂ ಇದೇ ಕಥೆ, ಅದರ 6.25 ಹರ್ಟ್ಸ್ ಸ್ವರದ ಲೆಕ್ಕದಲ್ಲಿ ಅದು ಪ್ಲಸ್ 6. ಇಲ್ಲಿ ಮಾಟಮಂತ್ರ ಇಲ್ಲ. ನಿಧಾನವಾಗಿ ಕಳಿಸಿದ್ದಕ್ಕೆ ಸೀಳು ಕಿರಿದಾಯಿತು, ಸೀಳು ಕಿರಿದಾದದ್ದಕ್ಕೆ ಗದ್ದಲ ಕಡಿಮೆಯಾಯಿತು, ಕ್ರಮ ಮೊದಲೇ ಗೊತ್ತಿದ್ದದ್ದಕ್ಕೆ ಉಳಿದ ಗದ್ದಲದಲ್ಲೂ ತಾಳೆ ಸಿಕ್ಕಿತು. ಈ ಗಡಿಯ ಕೆಳಗೆ ಇನ್ನು ಕೆಲವು ಡೆಸಿಬಲ್ ಇಳಿದರೆ ಬಿಡಿಸುವುದು ಮಬ್ಬಾಗುವುದಿಲ್ಲ, ನಿಂತೇ ಹೋಗುತ್ತದೆ. ಖಾತೆಯಲ್ಲಿ ಆ ಸಾಲೇ ಇರುವುದಿಲ್ಲ.

ವಿಮಾನ ಈ ಖಾತೆಯೊಳಗೆ ಹೇಗೆ ಬಂತು

ಎಂಎಚ್370 ಬೋಯಿಂಗ್ 777 ವಿಮಾನ. 2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟಿತ್ತು. ರಾತ್ರಿ 1.20ರ ಸುಮಾರಿಗೆ ನಾಗರಿಕ ರಾಡಾರ್‌ನಿಂದ ಮಾಯವಾಯಿತು. ಮಿಲಿಟರಿ ರಾಡಾರ್ ಅದು ಹಿಂದಕ್ಕೆ ತಿರುಗಿ ಅಂಡಮಾನ್ ಸಮುದ್ರದ ಕಡೆ ಹೋದದ್ದನ್ನು ಕಂಡಿತು. ಆಮೇಲೆ ಉಳಿದದ್ದು ಇನ್‌ಮಾರ್‌ಸ್ಯಾಟ್ ಉಪಗ್ರಹದ ಜೊತೆ ವಿಮಾನದ ಯಂತ್ರ ಆಗಾಗ ನಡೆಸಿದ ಕೈಕುಲುಕು, ಅಂದರೆ ಸಂಪರ್ಕ ಇದೆಯೇ ಎಂದು ನೋಡಿಕೊಳ್ಳುವ ಪುಟ್ಟ ಸಿಗ್ನಲ್ ಮಾತ್ರ. ಕೊನೆಯದು ಬೆಳಗ್ಗೆ 8.19ಕ್ಕೆ. ಆ ಸಿಗ್ನಲ್ ಹೋಗಿಬರಲು ತೆಗೆದುಕೊಂಡ ಸಮಯದಿಂದ ಉಪಗ್ರಹಕ್ಕೂ ವಿಮಾನಕ್ಕೂ ಎಷ್ಟು ದೂರ ಅಂತ ಗೊತ್ತಾಯಿತು. ಅಷ್ಟೇ ದೂರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿದರೆ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಒಂದು ಉದ್ದನೆಯ ಕಮಾನು ಬರುತ್ತದೆ. ಅದೇ ಏಳನೇ ಕಮಾನು. 2015ರ ಜುಲೈನಲ್ಲಿ ರಿಯೂನಿಯನ್ ದ್ವೀಪದಲ್ಲಿ ರೆಕ್ಕೆಯ ತುಂಡೊಂದು ಸಿಕ್ಕಿ, ವಿಮಾನ ಈ ಸಾಗರದಲ್ಲೇ ಬಿದ್ದದ್ದು ಖಾತ್ರಿಯಾಯಿತು.

ಕಮಾನಿನ ಮೇಲೆ ಎಲ್ಲಿ ಅನ್ನುವುದು ಮಾತ್ರ ಇವತ್ತಿಗೂ ಪ್ರಶ್ನೆ. ಸುಮಾರು 1,20,000 ಚದರ ಕಿಲೋಮೀಟರ್ ಸಮುದ್ರತಳ ಜಾಲಾಡಿ 2017ರ ಜನವರಿಯಲ್ಲಿ ಅಧಿಕೃತ ಹುಡುಕಾಟ ನಿಂತಿತು. 2018ರಲ್ಲಿ ಓಷನ್ ಇನ್ಫಿನಿಟಿ ಕಂಪನಿ ಸುಮಾರು ಅಷ್ಟೇ ಪ್ರದೇಶವನ್ನು ಹುಡುಕಿ ಬರಿಗೈಯಲ್ಲಿ ಮರಳಿತು.

ಆ ಖಾಲಿ ಜಾಗಕ್ಕೆ 2021ರಲ್ಲಿ ವಿಸ್ಪರ್ ವಾದ ಬಂತು. ಮುಂದಿಟ್ಟವರು ರಿಚರ್ಡ್ ಗಾಡ್‌ಫ್ರೇ, ನಿವೃತ್ತ ಬ್ರಿಟಿಷ್ ಏರೋಸ್ಪೇಸ್ ಎಂಜಿನಿಯರ್. ಅವರ ಮಾತು ಹೀಗಿದೆ. ಆ ರಾತ್ರಿಯೂ ಜಗತ್ತಿನಾದ್ಯಂತ ವಿಸ್ಪರ್ ಸ್ಟೇಷನ್‌ಗಳು ಕಳಿಸುತ್ತಿದ್ದವು, ಕೇಳುತ್ತಿದ್ದವು. ಹಿಂದೂ ಮಹಾಸಾಗರದ ಮೇಲೂ ಆ ಅಲೆಗಳು ಹಾದುಹೋಗಿವೆ. ಎರಡು ಸ್ಟೇಷನ್‌ಗಳ ನಡುವಿನ ಗೆರೆಯನ್ನು ದೊಡ್ಡ ಲೋಹದ ವಿಮಾನ ದಾಟಿದರೆ ಅಲೆ ಚದುರುತ್ತದೆ, ಖಾತೆಯಲ್ಲಿ ಆ ಹೊತ್ತಿನ ಸಿಗ್ನಲ್ ಬಲದಲ್ಲೋ ಆವರ್ತನದಲ್ಲೋ ಏನಾದರೂ ಏರುಪೇರು ಇರಲೇಬೇಕು. ಅಂಥ ಏರುಪೇರುಗಳನ್ನು ಒಂದೊಂದಾಗಿ ಪೋಣಿಸಿದರೆ ವಿಮಾನದ ದಾರಿ ಸಿಗುತ್ತದೆ.

2021ರಲ್ಲಿ ಅವರು ಹೇಳಿದ ಜಾಗ ಪರ್ತ್‌ನಿಂದ ಪಶ್ಚಿಮಕ್ಕೆ ಸುಮಾರು 1,900 ಕಿಲೋಮೀಟರ್. 2023ರ ಹೊತ್ತಿಗೆ ಅದು ಸುಮಾರು 1,560 ಕಿಲೋಮೀಟರ್‌ಗೆ ಬಂದಿತ್ತು.

ವಾದವನ್ನು ತಮಾಷೆ ಮಾಡಿ ತಳ್ಳಿಹಾಕುವುದು ಸರಿಯಲ್ಲ. ವಿಮಾನಕ್ಕೆ ಬಡಿದು ರೇಡಿಯೋ ಅಲೆ ಚದುರುವುದು ನಿಜ. ಶಾರ್ಟ್‌ವೇವ್‌ಗಿಂತ ಹೆಚ್ಚಿನ ಆವರ್ತನದ ವಿಎಚ್‌ಎಫ್ ಬ್ಯಾಂಡುಗಳಲ್ಲಿ ಹ್ಯಾಮ್‌ಗಳು ವಿಮಾನದ ಮೈಯಿಂದ ಸಿಗ್ನಲ್ ಪುಟಿಸಿ ನೂರಾರು ಕಿಲೋಮೀಟರ್ ದೂರ ಮಾತಾಡುತ್ತಾರೆ. ಆಸ್ಟ್ರೇಲಿಯಾದ ಜಿಂದಲೀ ರಾಡಾರ್ ಶಾರ್ಟ್‌ವೇವ್‌ನಲ್ಲೇ ಒಂದರಿಂದ ಮೂರು ಸಾವಿರ ಕಿಲೋಮೀಟರ್ ಆಚೆಯ ವಿಮಾನ ನೋಡುತ್ತದೆ. ಆದರೆ ಜಿಂದಲೀಯ ಪವರ್ ನೂರಾರು ಕಿಲೋವ್ಯಾಟ್, ಅದರ ಕೇಳುವ ಆಂಟೆನಾಗಳ ಸಾಲು ಸುಮಾರು ಮೂರು ಕಿಲೋಮೀಟರ್ ಉದ್ದ. ನಮ್ಮದು ಬಾಲ್ಕನಿಯ ತಂತಿ.

ಲೆಕ್ಕ ತಪ್ಪುವುದು ಎಲ್ಲಿ

ಜೋ ಟೇಲರ್ ಅವರೇ ಈ ವಾದವನ್ನು ಒಪ್ಪಿಲ್ಲ. ಹಳೆಯ ವಿಸ್ಪರ್ ದಾಖಲೆಯಿಂದ ವಿಮಾನದ ಜಾಡು ಹಿಡಿಯಲು ಆಗದು ಎಂದು ಅವರು ನೇರವಾಗಿಯೇ ಹೇಳಿದ್ದಾರೆ. ಸೃಷ್ಟಿಸಿದವರು ಹೇಳಿದರು ಅಂತ ನಾವು ನಂಬಬೇಕಿಲ್ಲ, ಲೆಕ್ಕ ನಾವೇ ಹಾಕಬಹುದು.

ಎರಡು ಸ್ಟೇಷನ್‌ಗಳ ನಡುವೆ 10,000 ಕಿಲೋಮೀಟರ್ ಇದೆ, ವಿಮಾನ ಸರಿಯಾಗಿ ಮಧ್ಯದಲ್ಲಿದೆ ಅಂದುಕೊಳ್ಳಿ. ಸಿಗ್ನಲ್ 5,000 ಕಿಲೋಮೀಟರ್ ಹರಡಿಕೊಂಡು ಹೋಗಿ ವಿಮಾನಕ್ಕೆ ಬಡಿಯಬೇಕು. ಅಲ್ಲಿಂದ ಚದುರಿದ ಚೂರು ಮತ್ತೆ 5,000 ಕಿಲೋಮೀಟರ್ ಹರಡಿಕೊಂಡು ಬರಬೇಕು. ಎರಡು ಸಲ ಹರಡಿದ್ದಕ್ಕೆ ಎರಡು ಸಲ ನಷ್ಟ. ವಿಮಾನ ರೇಡಿಯೋ ಅಲೆಗೆ 1,000 ಚದರ ಮೀಟರ್ ಗುರಿಯಾಗಿ ಕಾಣುತ್ತದೆ ಎಂದು ಧಾರಾಳವಾಗಿ ಬಿಟ್ಟುಕೊಟ್ಟರೂ, ಬಯಲಿನಲ್ಲಿ ಅಲೆ ಹರಡುವ ಸರಳ ಸೂತ್ರದ ಪ್ರಕಾರ, ವಿಮಾನದಿಂದ ಬರುವ ಚೂರು ನೇರ ಸಿಗ್ನಲ್‌ಗಿಂತ 100 ಡೆಸಿಬಲ್‌ಗೂ ಕೆಳಗಿರುತ್ತದೆ. ಅಂದರೆ ಸಾವಿರ ಕೋಟಿಯಲ್ಲಿ ಒಂದು ಪಾಲು.

ಈಗ ಖಾತೆ ಕಡೆ ನೋಡಿ. ವಿಸ್ಪರ್ ಸಿಗ್ನಲ್ ಬಲವನ್ನು ಪೂರ್ಣ ಡೆಸಿಬಲ್‌ನಲ್ಲಿ ಮಾತ್ರ ಬರೆಯುತ್ತದೆ. ಅರ್ಧ, ಕಾಲು ಅಂತ ಇಲ್ಲ. ಆ ಅಂಕಿ ಒಂದು ಡೆಸಿಬಲ್ ಅಲುಗಾಡಬೇಕಾದರೆ ಬಂದು ಸೇರುವ ಚೂರು ಮೂಲ ಸಿಗ್ನಲ್‌ನ ನೂರರಲ್ಲಿ ಒಂದೂವರೆ ಪಾಲಿನಷ್ಟಾದರೂ ಇರಬೇಕು. ಬೇಕಾದದ್ದು ನೂರರಲ್ಲಿ ಒಂದೂವರೆ, ಇರುವುದು ಸಾವಿರ ಕೋಟಿಯಲ್ಲಿ ಒಂದು. ಶಾರ್ಟ್‌ವೇವ್ ಅಲೆಯನ್ನು ನೆಲಕ್ಕೆ ಮರಳಿಸುವ ಮೇಲಿನ ವಾತಾವರಣದ ಪದರವಾದ ಅಯಾನುಗೋಳ ಅಲ್ಲಲ್ಲಿ ಅಲೆಯನ್ನು ಒಟ್ಟುಗೂಡಿಸಿ ಸ್ವಲ್ಪ ಸಹಾಯ ಮಾಡೀತು. ಆದರೆ ಇಷ್ಟು ದೊಡ್ಡ ಕಂದಕವನ್ನು ಅದು ತುಂಬಲಾರದು.

ಡಾಪ್ಲರ್, ಅಂದರೆ ಓಡುವ ವಸ್ತುವಿಗೆ ಬಡಿದ ಅಲೆಯ ಆವರ್ತನ ಸರಿಯುವುದು, ಇದೆಯಲ್ಲ ಅಂತ ಕೇಳಬಹುದು. 14 ಮೆಗಾಹರ್ಟ್ಸ್‌ನಲ್ಲಿ ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಗರಿಷ್ಠ 23 ಹರ್ಟ್ಸ್‌ನಷ್ಟು ಆವರ್ತನ ಸರಿಸಬಹುದು. ಸರಿದರೆ ಅದು 6 ಹರ್ಟ್ಸ್‌ನ ಸಿಗ್ನಲ್‌ನಿಂದ ಆಚೆ ಬೀಳುತ್ತದೆ, ಆಗ ಮೂಲ ಸಿಗ್ನಲ್‌ನ ಅಂಕಿಯನ್ನು ಮುಟ್ಟುವುದೇ ಇಲ್ಲ. ವಿಮಾನ ಗೆರೆಯ ಮೇಲೇ ಇದ್ದರೆ ಸರಿತ ಸೊನ್ನೆಗೆ ಹತ್ತಿರ, ಆಗ ಗುರುತಿಸಲು ಏನೂ ಉಳಿಯುವುದಿಲ್ಲ. ಅದರ ಮೇಲೆ, ಪ್ರತಿ ಸಾಲು ಎರಡು ನಿಮಿಷದ ಸರಾಸರಿ. ಅಷ್ಟರಲ್ಲಿ ವಿಮಾನ 30 ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ಜಾಗದ ವಿಷಯ ಇನ್ನೂ ಮಜವಾಗಿದೆ. ಮಾಮೂಲಿ ವಿಸ್ಪರ್ ಸಂದೇಶದಲ್ಲಿ ಜಾಗಕ್ಕೆ ನಾಲ್ಕೇ ಅಕ್ಷರ. ಒಂದು ಚೌಕ ಅಂದರೆ ನಮ್ಮ ಅಕ್ಷಾಂಶದಲ್ಲಿ ಪೂರ್ವ-ಪಶ್ಚಿಮ ಸುಮಾರು 210 ಕಿಲೋಮೀಟರ್, ಉತ್ತರ-ದಕ್ಷಿಣ ಸುಮಾರು 111. ಪುಣೆಯ ಚೌಕ ಎಂಕೆ68. ಮುಂಬೈಯ ಕೊಲಾಬಾದ ಚೌಕವೂ ಎಂಕೆ68. ಮಾಟುಂಗಾ ಮಾತ್ರ ಸ್ವಲ್ಪ ಉತ್ತರಕ್ಕಿದ್ದದ್ದರಿಂದ ಎಂಕೆ69! ಘಾಟಿನ ಆಚೆಯ ಪುಣೆಯನ್ನೂ ಸಮುದ್ರದ ಅಂಚಿನ ಕೊಲಾಬಾವನ್ನೂ ಬೇರೆ ಮಾಡಿ ಹೇಳಲಾಗದ ಸಂದೇಶದಿಂದ ಸಾಗರದ ಮಧ್ಯೆ ಒಂದು ಬಿಂದು ಇಡುವುದು ಎಂಥ ಧೈರ್ಯ, ಅಲ್ವಾ? ಕೆಲವು ಸ್ಟೇಷನ್‌ಗಳ ನಿಖರ ಜಾಗ ಬೇರೆ ಕಡೆಯಿಂದ ಸಿಗುತ್ತದೆ, ಸರಿ. ಆದರೂ ಅಲೆ ನೆಲದಿಂದ ಅಯಾನುಗೋಳಕ್ಕೆ ಜಿಗಿಯುತ್ತಾ ಯಾವ ದಾರಿ ಹಿಡಿದು ಬಂತು ಅಂತ ಖಾತೆ ಹೇಳುವುದಿಲ್ಲ. ಭೂಮಿಯ ಹತ್ತಿರದ ಬದಿಯಿಂದ ಬಂತೋ, ಸುತ್ತುಹಾಕಿ ಬಂತೋ ಅನ್ನುವುದೂ ಅದರಲ್ಲಿಲ್ಲ.

ಖೋಡದ್ ಹಿಡಿದ ಮಂಗಳದ ಸದ್ದು

ಕ್ಷೀಣ ಸಿಗ್ನಲ್ ಹಿಡಿಯುವುದರಲ್ಲಿ ನಂಬಬಹುದಾದ ಕೆಲಸ ಹೇಗಿರುತ್ತದೆ ಅನ್ನುವುದಕ್ಕೆ ಪುಣೆಯ ಪಕ್ಕದಲ್ಲೇ ಉದಾಹರಣೆ ಇದೆ. ನಾಸಿಕ್ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್ ಹೋದರೆ, ನಾರಾಯಣಗಾಂವ್ ಬಳಿ ಖೋಡದ್ ಎಂಬ ಹಳ್ಳಿ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇರುವುದು ಅಲ್ಲಿ. ತಲಾ 45 ಮೀಟರ್ ಅಗಲದ 30 ತಟ್ಟೆಗಳು. ಪಲ್ಸಾರ್ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಾದ ಜಾಗ.

2016ರ ಅಕ್ಟೋಬರ್ 19ರಂದು ಯುರೋಪಿನ ಸ್ಕಿಯಾಪರೆಲ್ಲಿ ನೌಕೆ ಮಂಗಳ ಗ್ರಹಕ್ಕೆ ಇಳಿಯುತ್ತಿತ್ತು. ಅದರ ಪುಟ್ಟ ಯುಎಚ್‌ಎಫ್ ರೇಡಿಯೋ ಇದ್ದದ್ದು ಮಂಗಳದ ಸುತ್ತ ತಿರುಗುವ ನೌಕೆಗಳಿಗೆ ಕೇಳಲಿ ಅಂತ, ಭೂಮಿಗಲ್ಲ. ಆದರೂ ಸುಮಾರು 17.5 ಕೋಟಿ ಕಿಲೋಮೀಟರ್ ದೂರದಿಂದ ಖೋಡದ್‌ನ ತಟ್ಟೆಗಳು ಅದನ್ನು ಹಿಡಿದವು. ಇಳಿಯಲು ಒಂದು ನಿಮಿಷಕ್ಕೂ ಕಡಿಮೆ ಇರುವಾಗ ಸಿಗ್ನಲ್ ಕಡಿಯಿತು. ನೌಕೆ ಅಪ್ಪಳಿಸಿತ್ತು.

ಇಲ್ಲಿ ಗಮನಿಸಬೇಕಾದದ್ದು ತಟ್ಟೆಯ ಗಾತ್ರವನ್ನಷ್ಟೇ ಅಲ್ಲ. ಯಾವ ಆವರ್ತನ ಅಂತ ಗೊತ್ತಿತ್ತು, ಸುಮಾರು 401 ಮೆಗಾಹರ್ಟ್ಸ್. ಯಾವ ಹೊತ್ತಿಗೆ ಅಂತ ಗೊತ್ತಿತ್ತು. ಆಕಾಶದ ಯಾವ ದಿಕ್ಕು ಅಂತ ಗೊತ್ತಿತ್ತು. ನೌಕೆ ನಿಧಾನವಾದಂತೆ ಆವರ್ತನ ಹೇಗೆ ಸರಿಯಬೇಕು ಅನ್ನುವುದನ್ನೂ ಮುಂಚೆಯೇ ಲೆಕ್ಕ ಹಾಕಿಟ್ಟುಕೊಂಡಿದ್ದರು. ಆ ಸಿಗ್ನಲ್ ಕಳಿಸಿದ್ದು ಆ ನೌಕೆಯೇ. ಇನ್‌ಮಾರ್‌ಸ್ಯಾಟ್ ಕೈಕುಲುಕೂ ಹಾಗೆಯೇ, ಅದು ಎಂಎಚ್370ರ ಯಂತ್ರವೇ ತನ್ನ ಗುರುತು ಹೇಳಿ ಕಳಿಸಿದ್ದು. ವಿಸ್ಪರ್ ಖಾತೆಯಲ್ಲಿ ಎಂಎಚ್370 ಒಂದಕ್ಷರವನ್ನೂ ಕಳಿಸಿಲ್ಲ. ಯಾವ ಏರುಪೇರು ಅದರದ್ದು, ಯಾವುದು ಬೇರೆ ವಿಮಾನದ್ದು, ಯಾವುದು ಅಯಾನುಗೋಳದ್ದು ಅಂತ ಹೇಳಲು ಗುರುತೇ ಇಲ್ಲ.

ಹುಡುಕಿದರೆ ಸಿಕ್ಕೇ ಸಿಗುತ್ತದೆ, ಅದೇ ತೊಂದರೆ

ಶಾರ್ಟ್‌ವೇವ್ ಸಿಗ್ನಲ್ ಬಲ ಯಾವ ವಿಮಾನವೂ ಇಲ್ಲದೆ ತಾನೇ ಏರಿಳಿಯುತ್ತದೆ. ಅಯಾನುಗೋಳ ಅಲುಗಾಡಿದರೆ ಕೆಲವೇ ನಿಮಿಷದಲ್ಲಿ 10, 20 ಡೆಸಿಬಲ್ ಹೆಚ್ಚುಕಡಿಮೆ ಆಗುವುದು ಮಾಮೂಲು. ಹಾಗಾಗಿ ಖಾತೆಯ ತುಂಬಾ ಏರುಪೇರುಗಳೇ. ಒಂದು ರಾತ್ರಿಯ ದಾಖಲೆ ತೆಗೆದುಕೊಂಡು, ನೂರಾರು ಗೆರೆ ಎಳೆದು, ವಿಮಾನ ಇಲ್ಲಿ ಇರಬಹುದು ಎಂದುಕೊಂಡ ಜಾಗದ ಹತ್ತಿರ ಆ ಹೊತ್ತಿಗೆ ಏನಾದರೂ ಏರುಪೇರು ಇದೆಯಾ ಅಂತ ನೋಡಿದರೆ, ಇದ್ದೇ ಇರುತ್ತದೆ. ವಿಮಾನವನ್ನು ನೂರು ಕಿಲೋಮೀಟರ್ ಆಚೆ ಇಟ್ಟು ನೋಡಿದ್ದರೆ ಅಲ್ಲೂ ಇರುತ್ತಿತ್ತು. ಸಾವಿರದಲ್ಲಿ ಒಂದು ಸಲ ಮಾತ್ರ ಆಗುವ ಕಾಕತಾಳೀಯವೂ ಸಾವಿರ ಜೋಡಿ ಹುಡುಕಿದರೆ ಸರಾಸರಿ ಒಂದು ಕೈಗೆ ಬರುತ್ತದೆ.

ಹೊಸ ಪಲ್ಸಾರ್ ಹುಡುಕುವವರಿಗೆ ಇದು ದಿನನಿತ್ಯದ ತಲೆನೋವು. ಮಿಡಿತದ ಅವಧಿ ಗೊತ್ತಿಲ್ಲದಾಗ ಲಕ್ಷಗಟ್ಟಲೆ ಅವಧಿಗಳನ್ನು ಪ್ರಯತ್ನಿಸಬೇಕು. ಆಗ ಸುಳ್ಳು ಮಿಡಿತಗಳೂ ಸಾಲುಗಟ್ಟಿ ಬರುತ್ತವೆ. ಅದಕ್ಕೇ ಅವರು ಎಷ್ಟು ಜಾಸ್ತಿ ಹುಡುಕುತ್ತಾರೋ ಅಷ್ಟು ಬಿಗಿಯಾದ ಸಾಕ್ಷಿ ಕೇಳುತ್ತಾರೆ. ಇನ್ನೊಂದು ದಿನ, ಇನ್ನೊಂದು ಆವರ್ತನದಲ್ಲಿ ಅದೇ ಮಿಡಿತ ಸಿಕ್ಕರೆ ಮಾತ್ರ ಒಪ್ಪುತ್ತಾರೆ. ವಿಸ್ಪರ್ ವಾದದಲ್ಲಿ ಈ ಬಿಗಿ ಕಾಣುವುದಿಲ್ಲ. ಜಾಗ 300 ಕಿಲೋಮೀಟರ್‌ಗೂ ಹೆಚ್ಚು ಸರಿದದ್ದು ಅದರ ಲಕ್ಷಣ ಅಂತಲೇ ನನ್ನ ಎಣಿಕೆ.

ಬೆಂಬಲಿಗರ ಉತ್ತರವೂ ಇದೆ. ಗೊತ್ತಿರುವ ವಿಮಾನಗಳ ಮೇಲೆ ಪ್ರಯೋಗ ಮಾಡಿದ್ದೇವೆ, ಕೆಲಸ ಮಾಡುತ್ತದೆ ಅನ್ನುತ್ತಾರೆ. ಆದರೆ ದಾರಿ ಗೊತ್ತಿದ್ದು ಹುಡುಕುವುದಕ್ಕೂ ಗೊತ್ತಿಲ್ಲದೆ ಹುಡುಕುವುದಕ್ಕೂ ಅಜಗಜಾಂತರ. ಸರಿಯಾದ ಪರೀಕ್ಷೆ ಕಷ್ಟವೇನಲ್ಲ. ಯಾವುದೋ ಒಂದು ದಿನದ ಖಾತೆ ಕೊಡಿ, ಯಾವ ವಿಮಾನ, ಎಲ್ಲಿಂದ ಎಲ್ಲಿಗೆ ಅಂತ ಹೇಳಬೇಡಿ. ಅವರು ದಾರಿ ಬರೆದು ಮುಚ್ಚಿದ ಲಕೋಟೆಯಲ್ಲಿ ಮೂರನೆಯವರಿಗೆ ಕೊಡಲಿ, ಆಮೇಲೆ ನಿಜವಾದ ದಾರಿಯ ಜೊತೆ ಹೋಲಿಸಲಿ. ಕೆಲವು ದಿನಗಳಲ್ಲಿ ಸಾಗರದ ಮೇಲೆ ಆ ವಿಮಾನ ಇರಲೇಬಾರದು, ಆಗಲೂ ‘ಕಂಡಿತು’ ಅಂತಾರಾ ನೋಡಬೇಕು.

ಮುಂದೆ ಏನಾಗಬಹುದು

ಹುಡುಕಾಟದ ಖರ್ಚಿನ ಮೇಲೆ ಈ ವಾದದಿಂದ ನೇರ ಹೊರೆ ಬೀಳುವುದಿಲ್ಲ. 2025ರ ಮಾರ್ಚ್‌ನಲ್ಲಿ ಆದ ಒಪ್ಪಂದದ ಪ್ರಕಾರ ಓಷನ್ ಇನ್ಫಿನಿಟಿಗೆ 7 ಕೋಟಿ ಡಾಲರ್ ಸಿಗುವುದು ವಿಮಾನ ಸಿಕ್ಕರೆ ಮಾತ್ರ, ಇಲ್ಲದಿದ್ದರೆ ಒಂದು ಪೈಸೆಯೂ ಇಲ್ಲ. ಗೊತ್ತುಮಾಡಿದ ಪ್ರದೇಶ 15,000 ಚದರ ಕಿಲೋಮೀಟರ್. ಅದೇ ವರ್ಷ ಏಪ್ರಿಲ್‌ನಲ್ಲಿ ಹವಾಮಾನ ಕೆಟ್ಟಿತೆಂದು ಕೆಲಸ ನಿಲ್ಲಿಸಿದ್ದರು. ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದು ಬಿಟ್ಟುಬಿಟ್ಟು 55 ದಿನಗಳ ಕೆಲಸ. ಆ 55 ದಿನಗಳಲ್ಲಿ ಒಂದೊಂದು ದಿನವನ್ನೂ ಎಲ್ಲಿ ಕಳೆಯಬೇಕು ಅನ್ನುವ ಒತ್ತಡ ಮಾತ್ರ ನಿಜವಾದದ್ದು. ದುರ್ಬಲ ಬಿಂದುವಿಗೆ ಹೋದ ದಿನ ಗಟ್ಟಿ ಬಿಂದುವಿನಿಂದ ಕಡಿತ.

ದೊಡ್ಡ ಬೆಲೆ ತೆರುವವರು ಕುಟುಂಬದವರು. ಹತ್ತು ವರ್ಷಕ್ಕೂ ಹೆಚ್ಚು ಕಾದವರಿಗೆ ‘ಜಾಗ ಗೊತ್ತಿದೆ, ಸರ್ಕಾರ ಹೋಗುತ್ತಿಲ್ಲ’ ಅಂತ ಹೇಳುವುದು ಸಣ್ಣ ಮಾತಲ್ಲ. ಹೇಳಿದ ಮೇಲೆ ಜಾಗ ಬದಲಾದರೆ ಇನ್ನೂ ಕಷ್ಟ.

ಹ್ಯಾಮ್ ಹವ್ಯಾಸಕ್ಕೂ ಇದು ಮಿಶ್ರ ಫಲ. 2004ರ ಸುನಾಮಿಯಲ್ಲಿ ಅಂಡಮಾನ್‌ನಿಂದ ಸುದ್ದಿ ಕಳಿಸಿದ್ದು ಹ್ಯಾಮ್‌ಗಳು, ಆ ಗೌರವದಿಂದಲೇ ಜನ ಇಂಥ ಮಾತನ್ನು ಬೇಗ ನಂಬುತ್ತಾರೆ. ಹೆಸರು ಹರಡಿತು ಅಂತ ಖುಷಿಪಟ್ಟು ಸುಮ್ಮನಿದ್ದರೆ ನಾಳೆ ಸುಳ್ಳಾದಾಗ ಹವ್ಯಾಸದ ಮೇಲೇ ಬರುತ್ತದೆ.

ಕೊನೆಯದಾಗಿ ಒಂದು ಸಾಧ್ಯತೆಗೆ ತಯಾರಿರಬೇಕು. ಒಂದು ವೇಳೆ ವಿಮಾನದ ಅವಶೇಷ ಗಾಡ್‌ಫ್ರೇ ಹೇಳಿದ ಜಾಗದ ಅಕ್ಕಪಕ್ಕದಲ್ಲೇ ಸಿಕ್ಕಿತು ಅನ್ನಿ. ಮರುದಿನ ‘ವಿಸ್ಪರ್ ಗೆದ್ದಿತು’ ಅಂತ ಸುದ್ದಿ ಬಂದೇ ಬರುತ್ತದೆ. ಆದರೆ ಅವರು ಬಿಂದು ಇಟ್ಟದ್ದು ಖಾಲಿ ಸಾಗರದ ಮೇಲಲ್ಲ. ಇನ್‌ಮಾರ್‌ಸ್ಯಾಟ್ ಕಮಾನು ಮೊದಲೇ ಇತ್ತು, ಇಂಧನದ ಲೆಕ್ಕ ಇತ್ತು, ಹಿಂದೆ ಹುಡುಕಿ ಬಿಟ್ಟ ಜಾಗಗಳ ನಕ್ಷೆಯೂ ಇತ್ತು. ಉಳಿದ ಪಟ್ಟಿಯಲ್ಲಿ ಯಾರು ಎಲ್ಲಿ ಬೆರಳಿಟ್ಟರೂ ಹತ್ತಿರ ಬೀಳುವ ಸಂಭವ ಕಡಿಮೆ ಏನಲ್ಲ. ವಿಸ್ಪರ್ ದಾಖಲೆಯಿಂದ ವಿಮಾನ ಕಾಣುತ್ತದೋ ಇಲ್ಲವೋ ಅನ್ನುವುದಕ್ಕೆ ಸಮುದ್ರದ ತಳದಲ್ಲಿ ಉತ್ತರ ಇಲ್ಲ. ದಿನಾ ನಮ್ಮ ತಲೆಯ ಮೇಲೆ ಮುಂಬೈಯಿಂದ ದುಬೈಗೆ, ಲಂಡನ್‌ಗೆ ಹಾರುವ ವಿಮಾನಗಳಿವೆ, ಅವುಗಳ ದಾರಿ ನಿಮಿಷ ನಿಮಿಷಕ್ಕೂ ದಾಖಲಾಗಿದೆ, ಅದೇ ನಿಮಿಷಗಳ ವಿಸ್ಪರ್ ಖಾತೆಯೂ ಎಲ್ಲರಿಗೂ ತೆರೆದಿದೆ. ಮುಚ್ಚಿದ ಲಕೋಟೆಯ ಪರೀಕ್ಷೆಯನ್ನು ಇವುಗಳ ಮೇಲೆ ಇವತ್ತೇ ಮಾಡಬಹುದು.